ಊಟದ ದುಡ್ಡೆಷ್ಟು, ಆಟದ ದುಡ್ಡೆಷ್ಟು?

ಪ್ರವಾಸಿ ಹಡಗಿನ ಟಿಕೆಟ್ ತಗೊಂಡ ಮೇಲೆ ಊಟಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಎಲ್ಲ ಅದರಲ್ಲೇ ಸೇರಿರುತ್ತೆ. ಸಂಜೆಯಾದರೆ ಹಡಗಿನೊಳಗೇ ಒಂದು ದೊಡ್ಡ ರಂಗಮಂದಿರ ಇರುತ್ತೆ, ಅಲ್ಲಿ ಹಾಡು, ಕುಣಿತ, ಜಾದೂ. ಸಾಮಾನ್ಯವಾಗಿ ಅದಕ್ಕೂ ಬೇರೆ ದುಡ್ಡಿಲ್ಲ. ಹೀಗೆ ಊಟವೂ ಉಂಟು, ಆಟವೂ ಉಂಟು ಅಂದಮೇಲೆ, ಎಷ್ಟೋ ಹಡಗುಗಳಲ್ಲಿ ‘ಡಿನ್ನರ್ ಶೋ’ ಅಂತ ಇನ್ನೊಂದು ಟಿಕೆಟ್ ಯಾಕೆ ಮಾರ್ತಾರೆ? ಅದನ್ನ ತಗೋಬೇಕಾ?

ಬೇಡ ಅನ್ನೋದು ನನ್ನ ಅಭಿಪ್ರಾಯ. ಒಂದೆರಡು ಸಂದರ್ಭ ಬಿಟ್ಟರೆ.

ಊರಲ್ಲಿ ಜಗಲಿ ಮೇಲೆ ಕೂತು ಮೊಬೈಲ್‌ನಲ್ಲಿ ಇದನ್ನ ಓದ್ತಾ ಇರೋ ನಿಮಗೆ, ಈ ಹಡಗಿನ ಪುರಾಣ ನಮಗ್ಯಾಕೆ ಅಂತ ಅನ್ನಿಸಬಹುದು. ನಿಮಗೇ ಬೇಕು. ಯಾಕಂದ್ರೆ ನಿಮ್ಮ ಮಗನೋ ಮಗಳೋ ಬಿಟಿಎಂ ಲೇಔಟ್‌ನ ಪಿಜಿಯಲ್ಲೋ, ಬನಶಂಕರಿಯ ಬಾಡಿಗೆ ಮನೆಯಲ್ಲೋ ಕೂತು, ಅಪ್ಪನ ಅರವತ್ತು ವರ್ಷಕ್ಕೆ ಏನು ಮಾಡೋದು ಅಂತ ಯೋಚಿಸ್ತಾ ಇದ್ದಾರೆ. ಮುಂಚೆ ಆಗಿದ್ರೆ ಧರ್ಮಸ್ಥಳ, ತಿರುಪತಿ. ಆಮೇಲೆ ಕಾಶಿಗೆ ವಿಮಾನ ಬಂತು. ಈಗ ಹಡಗು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡಿಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಹೊರಟಾಗಿನಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ, ಚೆನ್ನೈ ಅಂತ ನಮ್ಮ ದೇಶದ ನೀರಿನಲ್ಲೇ ಇಂಥ ಪ್ರವಾಸ ಸಿಗ್ತಾ ಇದೆ. ಪಾಸ್‌ಪೋರ್ಟ್ ಇರೋರು ಸಿಂಗಾಪುರಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಾರೆ. ಜಯನಗರ 4ನೇ ಬ್ಲಾಕ್‌ನ ಟ್ರಾವೆಲ್ ಆಫೀಸಿನವರಿಗೆ ಇದೆಲ್ಲ ಈಗ ದಿನನಿತ್ಯದ ವ್ಯಾಪಾರ.

ನನ್ನ ಪರಿಚಯದ ಹಾವೇರಿ ಕಡೆಯ ಹುಡುಗನೊಬ್ಬ ಹೀಗೇ ಅಪ್ಪ-ಅವ್ವನನ್ನ ಕರಕೊಂಡು ಹೋಗೋಕೆ ಲೆಕ್ಕ ಹಾಕ್ತಾ ಇದ್ದ. ಮೂರು ಜನದ ಟಿಕೆಟ್, ಮುಂಬೈವರೆಗಿನ ರೈಲು, ಒಂದು ರಾತ್ರಿ ಲಾಡ್ಜು, ಎಲ್ಲ ಸೇರಿ ಅವನ ಒಂದು ತಿಂಗಳ ಸಂಬಳ ದಾಟಿತ್ತು. ಅಷ್ಟರಲ್ಲಿ ಡಿನ್ನರ್ ಶೋದ ಮಾತು ಬಂತು. ಅವನು ಹೇಳಿದ್ದು ಒಂದೇ ಮಾತು: “ಅವರು ಮತ್ತ ಮತ್ತ ಹೋಗೂದಿಲ್ಲಪಾ, ಒಂದs ಸಲ. ಕಡಿಮಿ ಆಗಬಾರದು.”

ಡಿನ್ನರ್ ಶೋ ಟಿಕೆಟ್ ಖರ್ಚಾಗೋದು ಈ ಮಾತಿನ ಮೇಲೇನೇ. ಆಟ ಚೆನ್ನಾಗಿದೆ ಅಂತ ಅಲ್ಲ, ಊಟ ರುಚಿಯಾಗಿದೆ ಅಂತಲೂ ಅಲ್ಲ. ತಂದೆ-ತಾಯಿಗೆ ಕಡಿಮೆ ಮಾಡಿದೆ ಅಂತ ಆಮೇಲೆ ಮನಸ್ಸು ಚುಚ್ಚಬಾರದು ಅಂತ.

ಮೊದಲು ಹಡಗಿನವರ ಲೆಕ್ಕ ನೋಡೋಣ. ಟಿಕೆಟ್ ದರವನ್ನ ಆದಷ್ಟು ಕಡಿಮೆ ತೋರಿಸ್ತಾರೆ, ಜನ ಒಳಗೆ ಬಂದಮೇಲೆ ಬೇರೆ ಬೇರೆ ರೂಪದಲ್ಲಿ ಸಂಪಾದಿಸ್ತಾರೆ. ಮದ್ಯ, ಕ್ಯಾಸಿನೋ, ಇಂಟರ್ನೆಟ್, ದಡಕ್ಕಿಳಿದಾಗಿನ ಸುತ್ತಾಟ, ‘ವಿಶೇಷ’ ಹೋಟೆಲುಗಳ ಊಟ. ಪ್ರಪಂಚದ ದೊಡ್ಡ ಹಡಗು ಕಂಪನಿಗಳಲ್ಲಿ ಒಂದಾದ ರಾಯಲ್ ಕೆರಿಬಿಯನ್‌ಗೆ 2023ರಲ್ಲಿ ಬಂದ ಒಟ್ಟು ಆದಾಯ ಸುಮಾರು 1,390 ಕೋಟಿ ಡಾಲರ್. ಅದರಲ್ಲಿ ಹತ್ತಿರತ್ತಿರ ಮೂರನೇ ಒಂದು ಪಾಲು ಪ್ರಯಾಣದ ಟಿಕೆಟ್‌ನಿಂದ ಬಂದದ್ದಲ್ಲ, ಹೀಗೆ ಹಡಗಿನೊಳಗಿನ ಮತ್ತು ಇತರೆ ವ್ಯಾಪಾರದಿಂದ ಬಂದದ್ದು. ಮೋಸ ಅಂತ ನಾನು ಹೇಳ್ತಾ ಇಲ್ಲ. ನಮ್ಮೂರ ಜಾತ್ರೆಯದೂ ಇದೇ ಲೆಕ್ಕ ತಾನೆ? ಜಾತ್ರೆಗೆ ಟಿಕೆಟ್ ಇಲ್ಲ, ತೇರು ಎಳೆಯೋಕೆ ಟಿಕೆಟ್ ಇಲ್ಲ. ಆದರೆ ಮಕ್ಕಳ ಕೈ ಹಿಡಕೊಂಡು ತೊಟ್ಟಿಲಿನ ಮುಂದೆ ಹಾದು ಹೋದ ತಂದೆಗೆ ಗೊತ್ತು, ಜೇಬು ಎಲ್ಲಿ ಖಾಲಿ ಆಗುತ್ತೆ ಅಂತ. ಹಡಗಿನಲ್ಲಿ ಜೇಬಿಗೆ ಕೈ ಹಾಕೋ ಕೆಲಸವೂ ಇರಲ್ಲ. ರೂಮಿನ ಕಾರ್ಡೇ ಹಣದ ಕಾರ್ಡು, ಉಜ್ಜಿದರೆ ಮುಗೀತು. ಲೆಕ್ಕ ಕೈಗೆ ಬರೋದು ಇಳಿಯೋ ಹೊತ್ತಿಗೆ.

ಇನ್ನು ಡಿನ್ನರ್ ಶೋ. ನಾರ್ವೇಜಿಯನ್ ಕಂಪನಿಯ ‘ಎಪಿಕ್’ ಅನ್ನೋ ಹಡಗು 2010ರಲ್ಲಿ ಶುರುವಾಯ್ತು. ಅದರೊಳಗೆ ಸರ್ಕಸ್ ಡೇರೆಯ ಹಾಗೆ ಒಂದು ಸಭಾಂಗಣ ಮಾಡಿ, ಸುತ್ತ ಮೇಜು ಹಾಕಿ, ಜನ ಊಟ ಮಾಡ್ತಾ ಇರೋವಾಗ ಮೇಲೆ ಹಗ್ಗ ಹಿಡಿದು ತೂಗೋ ಕಲಾವಿದರ ಆಟ ಆಡಿಸಿದರು. ಅದಕ್ಕೆ ಬೇರೆ ಶುಲ್ಕ. ಅದೇ ಹಡಗಿನ ದೊಡ್ಡ ರಂಗಮಂದಿರದಲ್ಲಿ, ತಲೆಗೆ, ಮುಖಕ್ಕೆಲ್ಲ ನೀಲಿ ಬಣ್ಣ ಬಳಕೊಂಡು ಡೋಲು ಬಾರಿಸೋ ‘ಬ್ಲೂ ಮ್ಯಾನ್ ಗ್ರೂಪ್’ ಇತ್ತು. ಅಮೆರಿಕದ ದೊಡ್ಡ ಊರುಗಳಲ್ಲಿ ಅವರ ಆಟಕ್ಕೆ ಜನ ದುಬಾರಿ ಟಿಕೆಟ್ ತಗೊಂಡು ಹೋಗ್ತಿದ್ರು. ಹಡಗಿನಲ್ಲಿ ಅದು ಪುಕ್ಕಟೆ, ಮುಂಚೆ ಹೆಸರು ಬರೆಸಿದರೆ ಸಾಕು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ದುಡ್ಡು ಕೊಟ್ಟು ನೋಡೋದು ಒಳ್ಳೇದು, ಪುಕ್ಕಟೆ ಸಿಗೋದು ಸಾಧಾರಣ ಅಂತ ನಾವು ಅಂದುಕೊಂಡುಬಿಡ್ತೀವಿ. ಆ ಹಡಗಿನಲ್ಲಿ ಹೆಸರಾಂತ ಆಟವೇ ಪುಕ್ಕಟೆ ಇತ್ತು.

ಎಂಎಸ್‌ಸಿ ಕಂಪನಿಯ ‘ಮೆರಾವಿಲಿಯಾ’ ಹಡಗಿನಲ್ಲಿ 2017ರಿಂದ ಕೆನಡಾದ ಪ್ರಸಿದ್ಧ ಸರ್ಕಸ್ ತಂಡ ‘ಸರ್ಕ್ ದು ಸೊಲೇ’ ಆಟ ಆಡ್ತಿತ್ತು, ಕೊರೊನಾ ಬರೋವರೆಗೂ. ಅಲ್ಲಿ ಎರಡು ದರ. ಊಟದ ಜೊತೆ ನೋಡಿದರೆ ಒಂದು, ಬರೀ ಒಂದು ಲೋಟ ಪಾನೀಯದ ಜೊತೆ ನೋಡಿದರೆ ಇನ್ನೊಂದು, ಬಹಳ ಕಡಿಮೆ. ಆಟ ಮಾತ್ರ ಅದೇ. ನಾನು ನೋಡಿದ ಲೆಕ್ಕಗಳಲ್ಲಿ ಇದೇ ಪ್ರಾಮಾಣಿಕ. ಊಟಕ್ಕೆಷ್ಟು, ಆಟಕ್ಕೆಷ್ಟು ಅಂತ ಕಣ್ಣಿಗೆ ಕಾಣುತ್ತೆ.

ಇನ್ನೊಂದು ತುದಿಯಲ್ಲಿ, 2024ರಲ್ಲಿ ಶುರುವಾದ ‘ಐಕಾನ್ ಆಫ್ ದಿ ಸೀಸ್’ ಹಡಗಿನ ‘ಎಂಪೈರ್ ಸಪ್ಪರ್ ಕ್ಲಬ್’. ಒಂದಾದ ಮೇಲೆ ಒಂದರಂತೆ ಎಂಟು ಬಗೆ ತಂದಿಡ್ತಾರೆ, ಪಕ್ಕದಲ್ಲಿ ಮೂರು ಜನರ ವಾದ್ಯಗೋಷ್ಠಿ. ಶುರುವಿನಲ್ಲಿ ತಲೆಗೆ 200 ಡಾಲರ್ ಇಟ್ಟಿದ್ರು. ನಮ್ಮ ಲೆಕ್ಕದಲ್ಲಿ ಹದಿನೇಳು ಸಾವಿರ ರೂಪಾಯಿ ದಾಟುತ್ತೆ. ಗಂಡ-ಹೆಂಡತಿ ಇಬ್ಬರು ಕೂತರೆ ಒಂದು ಒಳ್ಳೇ ಆಡಿನ ಹಿಂಡಿಗೆ ಮುಂಗಡ ಕೊಟ್ಟ ಹಾಗೆ.

ಇಲ್ಲಿ ನನ್ನ ಮೊದಲನೇ ತಕರಾರು. ಬೆಂಗಳೂರಿನಲ್ಲಿ ಹೊರಗೆ ಊಟಕ್ಕೆ ಹೋದರೆ, ಆ ಊಟಕ್ಕೆ ಹೇಗೂ ದುಡ್ಡು ಕೊಡಬೇಕು, ಜೊತೆಗೆ ಹಾಡು ಸಿಕ್ಕರೆ ಲಾಭ. ಹಡಗಿನಲ್ಲಿ ಹಾಗಲ್ಲ. ಆ ರಾತ್ರಿಯ ಊಟಕ್ಕೆ ನೀವು ಆಗಲೇ ದುಡ್ಡು ಕಟ್ಟಿದ್ದೀರಿ. ಆ ರಾತ್ರಿಯ ಆಟಕ್ಕೂ ಕಟ್ಟಿದ್ದೀರಿ. ಡಿನ್ನರ್ ಶೋಗೆ ಹೋದಿರಿ ಅಂದರೆ ಬಡಿಸಿದ ಎಲೆ ಬಿಟ್ಟು ಎದ್ದು, ಇನ್ನೊಂದು ಮನೆಯಲ್ಲಿ ದುಡ್ಡು ಕೊಟ್ಟು ಉಂಡ ಹಾಗೆ. ಬಿಟ್ಟ ಎಲೆಯ ದುಡ್ಡನ್ನ ಯಾರೂ ವಾಪಸ್ ಕೊಡಲ್ಲ. ಡಿಸ್ನಿ ಕಂಪನಿಯ ಹಡಗುಗಳಲ್ಲಿ ಊಟದ ಹಾಲ್‌ನಲ್ಲೇ ಗೊಂಬೆ-ಚಿತ್ರಗಳ ಆಟ ಇರುತ್ತೆ, ಅದು ಟಿಕೆಟ್‌ನಲ್ಲೇ ಸೇರಿರುತ್ತೆ. ಹಾಗಿದ್ದರೆ ಸರಿ.

ಎರಡನೇ ತಕರಾರು ದುಡ್ಡಿನದಲ್ಲ. ಊಟದ ಹೊತ್ತಿನಲ್ಲಿ ಆಟ ನೋಡೋಕೆ ಆಗುತ್ತಾ ಅನ್ನೋದು.

ಊಟ-ಆಟ ಒಟ್ಟಿಗೆ ಇರೋದು ನಮಗೇನು ಹೊಸದಲ್ಲ. ಕರಾವಳಿಯ ಹರಕೆ ಆಟ ನೋಡಿದವರನ್ನ ಕೇಳಿ. ಕಟೀಲು, ಧರ್ಮಸ್ಥಳ, ಮಂದಾರ್ತಿ ಮೇಳಗಳಿಗೆ ಯಾರೋ ಒಬ್ಬರು ಹರಕೆ ಹೊತ್ತು ಆಟ ಆಡಿಸ್ತಾರೆ. ಸರದಿ ಬರೋಕೆ ವರ್ಷಗಟ್ಟಲೆ ಕಾಯೋರಿದ್ದಾರೆ. ಆ ದಿನ ಊರವರಿಗೆಲ್ಲ ಊಟ. ಎಲೆ ಎತ್ತಿದ ಮೇಲೆ ಚೆಂಡೆ ಜೋರಾಗುತ್ತೆ. ನೋಡೋರು ಒಂದು ಪೈಸೆ ಕೊಡಬೇಕಾಗಿಲ್ಲ. ಡೇರೆ ಮೇಳ ಅಂತ ಇನ್ನೊಂದು ಬಗೆ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಹಾಗೆ. ಅಲ್ಲಿ ಟಿಕೆಟ್ ಇದೆ. ಎರಡರಲ್ಲೂ ಒಂದು ಮಾತ್ರ ಸಮ. ಮಹಿಷಾಸುರ ಕೇಕೆ ಹಾಕ್ತಾ ಬರೋವಾಗ ಯಾರ ಮುಂದೆಯೂ ಸಾಂಬಾರಿನ ಬಟ್ಟಲು ಇರಲ್ಲ. ಊಟ ಮುಂಚೆ ಆಗಿರುತ್ತೆ, ಇಲ್ಲವೇ ನಡುವೆ ಎದ್ದು ಹೋಗಿ ಚುರುಮುರಿ ತಿಂದು ಬರ್ತಾರೆ.

ಬಯಲುಸೀಮೆಯವರಿಗೆ ಬಾದಾಮಿಯ ಬನಶಂಕರಿ ಜಾತ್ರೆ ಗೊತ್ತಿರುತ್ತೆ. ಬೆಂಗಳೂರಿನಲ್ಲಿ ಬನಶಂಕರಿ ಅಂದರೆ ಮೆಟ್ರೋ ಸ್ಟೇಷನ್ನು, ಟ್ರಾಫಿಕ್ಕು, ದೇವಸ್ಥಾನದ ಮುಂದಿನ ನಿಂಬೆಹಣ್ಣಿನ ದೀಪ. ಚೊಳಚಗುಡ್ಡದ ಬನಶಂಕರಿ ಅಂದರೆ ಬನದ ಹುಣ್ಣಿಮೆಯ ತೇರು, ತೇರಾದ ಮೇಲೆ ವಾರಗಟ್ಟಲೆ ನಡೆಯೋ ನಾಟಕ. ವೃತ್ತಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಥಿಯೇಟರ್ ಕಟ್ಟಿ, ರಾತ್ರಿಯಿಡೀ ಆಟದ ಮೇಲೆ ಆಟ ಆಡ್ತಾರೆ. ಎಷ್ಟೋ ಕಂಪನಿಗಳಿಗೆ ಇಡೀ ವರ್ಷದ ಜೀವನ ನಿಂತಿರೋದೇ ಆ ಜಾತ್ರೆಯ ಮೇಲೆ. ಹೊರಗೆ ಸಜ್ಜಿ ರೊಟ್ಟಿ, ಕಾಳು ಪಲ್ಲೆ, ಕೆಂಪು ಚಟ್ನಿ ಬುಟ್ಟಿಯಲ್ಲಿಟ್ಟುಕೊಂಡು ಕೂತ ಹೆಂಗಸರು. ರೊಟ್ಟಿಗೆ ಬೇರೆ ದುಡ್ಡು, ನಾಟಕಕ್ಕೆ ಬೇರೆ ದುಡ್ಡು. ನಾಟಕ ಕೆಟ್ಟದಾಗಿದ್ದರೆ ಎದ್ದು ಪಕ್ಕದ ಕಂಪನಿಗೆ ಹೋಗ್ತಾರೆ, ರೊಟ್ಟಿ ಬಿರುಸಾಗಿದ್ದರೆ ಪಕ್ಕದ ಬುಟ್ಟಿಗೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರಿದ್ದಿದ್ದರೆ ಈ ಅಧಿಕಾರ ನೋಡುಗರ ಕೈಯಲ್ಲಿ ಇರ್ತಾ ಇರಲಿಲ್ಲ.

ತುಮಕೂರು, ಮಂಡ್ಯ ಕಡೆ ಲೆಕ್ಕ ಪೂರ್ತಿ ತಲೆಕೆಳಗು. ಅಲ್ಲಿ ‘ಕುರುಕ್ಷೇತ್ರ’ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡೋರೇ ದುಡ್ಡು ಹಾಕ್ತಾರೆ. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಹೊರಗಿಂದ ಕರೆಸೋ ಸ್ತ್ರೀಪಾತ್ರದ ಕಲಾವಿದೆಯರ ಸಂಭಾವನೆ, ಎಲ್ಲ ಪಾತ್ರದ ಲೆಕ್ಕದಲ್ಲಿ ಹಂಚಿಕೆ. ದುರ್ಯೋಧನನ ಪಾತ್ರ ಬೇಕು ಅಂದರೆ ಜಾಸ್ತಿ ಕೊಡಬೇಕು, ಸಹದೇವನಿಗೆ ಕಡಿಮೆ. ಹಗಲು ಕಬ್ಬು ಕಡಿದೋನು ರಾತ್ರಿ ಕಿರೀಟ ಹಾಕೋಕೆ ಕೈಯಿಂದ ಕೊಡ್ತಾನೆ, ನೋಡೋರಿಗೆ ಪುಕ್ಕಟೆ. ಆಟದ ಬೆಲೆ ಅಂದರೆ ಟಿಕೆಟ್ ಬೆಲೆ ಅಂತ ಯಾರಾದರೂ ಹೇಳಿದರೆ ನನಗೆ ಆ ದುರ್ಯೋಧನ ನೆನಪಾಗ್ತಾನೆ.

ಹಡಗಿನಲ್ಲಿ ಎರಡೂ ಒಟ್ಟಿಗೆ ನಡೀಬೇಕು. ಕಲಾವಿದೆ ಹಗ್ಗದ ಮೇಲೆ ತಲೆಕೆಳಗಾಗಿ ತೂಗ್ತಾ ಇರೋ ಹೊತ್ತಿಗೇ ಸರ್ವರ್ ಬಂದು ತಟ್ಟೆ ಬದಲಾಯಿಸ್ತಾನೆ. ಆಟಕ್ಕೆ ಒಂದು ಗಂಟೆ ಅಂದರೆ ಊಟವೂ ಅಷ್ಟರಲ್ಲೇ ಮುಗೀಬೇಕು, ಆಮೇಲಿನ ಆಟದ ಜನ ಹೊರಗೆ ಕಾಯ್ತಾ ಇರ್ತಾರೆ. ಮೆನು ಮೊದಲೇ ಗೊತ್ತು ಮಾಡಿದ್ದು. ಅವ್ವ ಬೆಳ್ಳುಳ್ಳಿ ತಿನ್ನಲ್ಲ, ಅಪ್ಪನಿಗೆ ಸಕ್ಕರೆ ಕಾಯಿಲೆ, ಏಳೂವರೆಗೇ ಊಟ ಮಾಡಿ ಮಾತ್ರೆ ತಗೋಬೇಕು ಅಂದರೆ ಅಲ್ಲಿ ಬದಲಾವಣೆಗೆ ದಾರಿ ಕಡಿಮೆ. ಬಫೆಯಲ್ಲಾದರೆ ಅನ್ನ, ಮೊಸರು, ಬೇಕಾದ್ದು, ಬೇಕಾದಷ್ಟು, ಬೇಕಾದ ಹೊತ್ತಿಗೆ ಬಡಿಸಿಕೊಳ್ಳಬಹುದು. ಹಳ್ಳಿಯಿಂದ ಮೊದಲ ಸಲ ಹೋಗೋ ಹಿರಿಯರಿಗೆ ಚಮಚ-ಮುಳ್ಳುಚಮಚದ ಹೆದರಿಕೆಯೇ ಒಂದು ತೂಕ. ಅದರ ಮೇಲೆ ಆಟ ಬೇರೆ ನೋಡಿ ಅಂದರೆ, ಅವರು ಊಟವನ್ನೂ ಮಾಡಲ್ಲ, ಆಟವನ್ನೂ ನೋಡಲ್ಲ. ಪಕ್ಕದವರು ಹೇಗೆ ತಿಂತಾರೆ ಅಂತ ನೋಡ್ತಾ ಕೂರ್ತಾರೆ.

ಜೆ.ಪಿ. ನಗರ 2ನೇ ಹಂತದ ರಂಗಶಂಕರಕ್ಕೆ ಹೋಗಿ ನೋಡಿ, ಇದಕ್ಕೆ ಪೂರ್ತಿ ವಿರುದ್ಧ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಸೇರಿ ಕಟ್ಟಿದ ರಂಗಮಂದಿರ, 2004ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ಮುನ್ನೂರು ಚಿಲ್ಲರೆ ಸೀಟು, ಎಲ್ಲಿ ಕೂತರೂ ನಟರ ಮುಖ ಕಾಣುತ್ತೆ. ಏಳೂವರೆ ಅಂದರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಯಾರು ಬಂದರೂ ಒಳಗೆ ಬಿಡಲ್ಲ. ಒಳಗೆ ತಿನ್ನೋ ಹಾಗಿಲ್ಲ. ಆದರೆ ಹೊರಗಿನ ಕ್ಯಾಂಟೀನ್ ಇದೆಯಲ್ಲ, ಅದರ ಅಕ್ಕಿ ರೊಟ್ಟಿ, ಸಾಬೂದಾನ ವಡೆ ತಿನ್ನೋಕೇ ಬರೋ ಜನ ಇದ್ದಾರೆ. ಮುಂಚೆ ತಿನ್ನಿ, ಆಮೇಲೆ ನೋಡಿ. ಎರಡಕ್ಕೂ ಬೇರೆ ಬೇರೆ ಬಿಲ್ಲು. ನಾಟಕದ ಟಿಕೆಟ್ ಸಾಮಾನ್ಯವಾಗಿ ಇನ್ನೂರು ಮುನ್ನೂರರ ಆಸುಪಾಸು. ಅಂದಹಾಗೆ ತಲೆಗೆ 500 ರೂಪಾಯಿವರೆಗಿನ ನಾಟಕ, ನೃತ್ಯ, ಸಂಗೀತದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮೂರು ಜನ ಹೋಗಿ, ರೊಟ್ಟಿ ತಿಂದು, ಕಾಫಿ ಕುಡಿದು, ನಾಟಕ ನೋಡಿ, ಆಟೋದಲ್ಲಿ ಮನೆಗೆ ಬಂದರೂ ಎರಡು ಸಾವಿರ ದಾಟೋದು ಕಷ್ಟ. ಹೋದ ವರ್ಷ ಊರಿಂದ ಬಂದಿದ್ದ ನಮ್ಮ ದೊಡ್ಡಪ್ಪನನ್ನ ಕರಕೊಂಡು ಹೋಗಿದ್ದೆ. ಆಡಿಸೋ ಭೀಮನಾಗಿ ಹತ್ತೂರಲ್ಲಿ ಕಿರೀಟ ಹಾಕಿದೋರು ಅವರು. ನಾಟಕದಲ್ಲಿ ಹಾರ್ಮೋನಿಯಂ ಇಲ್ಲ, ಸೀನರಿ ಇಲ್ಲ, ಬರೀ ಎರಡು ಕುರ್ಚಿ. “ಇದೆಂಥ ನಾಟಕವೋ, ಪರದೇನೇ ಇಲ್ಲ” ಅಂದ್ರು ಮೊದಲು. ಅರ್ಧ ಗಂಟೆ ಕಳೆದ ಮೇಲೆ ನೋಡ್ತೀನಿ, ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲ ಮೇಲೆ ಊರಿಕೊಂಡು ಕೂತಿದ್ರು. ಅವರ ಮುಂದೆ ಆಗ ಒಂದು ತಟ್ಟೆ ಇಟ್ಟಿದ್ದರೆ ಆ ಬಾಗೋದು ಸಾಧ್ಯ ಇರಲಿಲ್ಲ.

ನಮ್ಮ ನೆಲದ ಆಟಕ್ಕೆ ಹಡಗಿನವರ ಹತ್ತಿರ ಎಷ್ಟು ಹೊತ್ತಿದೆ ಅಂತಲೂ ನೋಡಬೇಕು. ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬಂದಾಗ ಚೆಂಡೆ ಬಾರಿಸಿ, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತ ಮಾಡ್ತಾರೆ. ಪ್ರವಾಸಿಗಳು ವೇಷದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಕದ್ರಿ, ಮೂಡುಬಿದಿರೆ ಕಡೆ ಬಸ್ ಹತ್ತುತ್ತಾರೆ. ವೇಷ ಕಟ್ಟೋಕೆ ತಗೊಂಡ ಹೊತ್ತಿನ ಹತ್ತನೇ ಒಂದು ಭಾಗವೂ ಅದನ್ನ ನೋಡೋರಿಲ್ಲ.

ಹಾಗಾದ್ರೆ ಯಾವಾಗ ತಗೋಬಹುದು? ಮೊದಲನೇದಾಗಿ, ಆಟಕ್ಕೆ ಬೇರೆ, ಊಟಕ್ಕೆ ಬೇರೆ ದರ ಇದ್ದು, ಆಟ ನಿಜಕ್ಕೂ ನೋಡಬೇಕು ಅನ್ನಿಸಿದರೆ ಆಟದ್ದು ಮಾತ್ರ ತಗೊಳ್ಳಿ, ಊಟ ನಿಮ್ಮ ಮಾಮೂಲಿ ಜಾಗದಲ್ಲೇ ಮಾಡಿ. ಎರಡನೇದು, ಹೊಸದಾಗಿ ಮದುವೆಯಾದ ಇಬ್ಬರು, ಗದ್ದಲ ಬೇಡ, ಒಂದು ರಾತ್ರಿ ಚೆನ್ನಾಗಿ ಕೂತು ಊಟ ಮಾಡಬೇಕು ಅಂದರೆ ಬೇಡ ಅನ್ನೋಕೆ ನಾನ್ಯಾರು? ಅದು ಆಟಕ್ಕೆ ಕೊಡೋ ದುಡ್ಡಲ್ಲ, ಏಕಾಂತಕ್ಕೆ ಕೊಡೋ ದುಡ್ಡು. ಆದರೆ ಆರು ಜನದ ಕುಟುಂಬ, ಅದರಲ್ಲಿ ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಇದ್ದರೆ ಖಂಡಿತ ಬೇಡ.

ತಗೊಳ್ಳೋದಾದರೂ ಟಿಕೆಟ್ ಬುಕ್ ಮಾಡೋ ದಿನವೇ ಆತುರ ಬೇಡ. ಏನೇನು ಪುಕ್ಕಟೆ ಇದೆ ಅಂತ ಮೊದಲು ಕೇಳಿ, ಅದರಲ್ಲಿ ಮುಂಚೆ ಹೆಸರು ಬರೆಸಬೇಕಾದ ಆಟ ಯಾವುದು ಅಂತ ಕೇಳಿ, ಅದನ್ನ ಮೊದಲು ಬರೆಸಿ. ಸಸ್ಯಾಹಾರದ ಮೆನುವನ್ನ ಬಾಯಿಮಾತಿನಲ್ಲಿ ನಂಬಬೇಡಿ, ಬರವಣಿಗೆಯಲ್ಲಿ ತರಿಸಿಕೊಳ್ಳಿ. ವಿದೇಶಿ ಹಡಗಾದರೆ ಬೆಲೆಯ ಮೇಲೆ ಸೇವೆಯ ಶುಲ್ಕ ಅಂತ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಸೇರಬಹುದು, ಜೊತೆಗೆ ದಿನಕ್ಕೆ ತಲೆಗೆ ಇಷ್ಟು ಡಾಲರ್ ಅಂತ ಟಿಪ್ಸ್ ತಾನಾಗೇ ಲೆಕ್ಕಕ್ಕೆ ಬೀಳುತ್ತೆ. ನಮ್ಮ ಬೆಂಗಳೂರಿನ ಹೋಟೆಲುಗಳಲ್ಲಾದರೆ ಸರ್ವಿಸ್ ಚಾರ್ಜ್ ಅಂತ ತಾವಾಗೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಾಗಂತ ಮಾರ್ಗಸೂಚಿ ಹೊರಡಿಸ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಜೆ.ಪಿ. ನಗರದಲ್ಲೋ ಕೋರಮಂಗಲದಲ್ಲೋ ಹಾಡು ಹಾಡಿಸೋ ಹೋಟೆಲಿಗೆ ಮಕ್ಕಳು ಕರಕೊಂಡು ಹೋದರೆ, ಬಾಗಿಲಲ್ಲಿ ‘ಕವರ್ ಚಾರ್ಜ್’ ಅಂತ ಕೇಳ್ತಾರೆ. ಅದು ಊಟದ ಬಿಲ್ಲಿನಲ್ಲಿ ಕಳೆಯುತ್ತಾ, ಇಲ್ಲಾ ಪೂರ್ತಿ ಬೇರೆಯಾ ಅಂತ ಒಳಗೆ ಹೋಗೋ ಮುಂಚೆ ಕೇಳೋದರಲ್ಲಿ ಯಾವ ಅವಮಾನವೂ ಇಲ್ಲ.

ಹಾವೇರಿಯ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ. ಅವನು ಇನ್ನೂ ಯೋಚನೆ ಮಾಡ್ತಾ ಇದ್ದಾನೆ. ಅವನ ಅವ್ವ ಫೋನಿನಲ್ಲಿ ಕೇಳಿದ್ದು ಡಿನ್ನರ್ ಶೋ ಬಗ್ಗೆ ಅಲ್ಲವಂತೆ, ರಾತ್ರಿ ಹಡಗಿನ ಮೇಲೆ ನಿಂತರೆ ಸಮುದ್ರ ಕಾಣಿಸ್ತದೋ ಇಲ್ಲೋ ಅಂತ. ಅದಕ್ಕೆ ಯಾವ ಹಡಗಿನಲ್ಲೂ ಟಿಕೆಟ್ ಇಟ್ಟಿಲ್ಲ.

ಹಡಗಿನ ಮಾತು ಸದ್ಯಕ್ಕೆ ಬೇಡ, ಬೆಂಗಳೂರಿಗೆ ಮಕ್ಕಳನ್ನ ನೋಡೋಕೆ ಬಂದಾಗ ನಾಟಕ ನೋಡೋಣ ಅನ್ನೋರು ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೋ ಹತ್ತಿ ಆರ್.ವಿ. ರೋಡ್‌ನಲ್ಲಿ ಇಳಿಯಿರಿ, ಅಲ್ಲಿಂದ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ಒಂದೇ ಸ್ಟೇಷನ್ನು. ಆಂಜನೇಯನಿಗೆ ಕೈ ಮುಗಿದು ಆಟೋ ಹತ್ತಿದರೆ ರಂಗಶಂಕರ ದೂರ ಇಲ್ಲ. ಆರೂವರೆಗೇ ತಲುಪಿದರೆ ರೊಟ್ಟಿ ತಿನ್ನೋಕೆ ಹೊತ್ತಿರುತ್ತೆ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ರಜೆ.